ಕಪ್ಪು ಕ್ಯಾಸೆಟ್ಟಿನ ಬುಶ್ತಾ

ಬುಶ್ತಾ ನನ್ನ ಅಂಗಡಿಯ ಗೋಡೆಯಾಚೆ ಇಪ್ಪತ್ತೆರಡು ವರ್ಷ ಕೂತಿದ್ದ. ಈಚೆ ನಾನು ಗಡ್ಡ ಹೆರೆಯುತ್ತಿದ್ದೆ, ಆಚೆ ಅವನು ಕ್ಯಾಸೆಟ್ ರಿಪೇರಿ ಮಾಡುತ್ತಿದ್ದ. ನಡುವೆ ಇದ್ದದ್ದು ಒಂಟಿ ಇಟ್ಟಿಗೆಯ ಗೋಡೆ. ಅವನು ಕೆಮ್ಮಿದರೆ ನನ್ನ ಕನ್ನಡಿ ಅದುರುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವನು ನನ್ನೊಡನೆ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೂ ಕ್ಯಾಸೆಟ್ಟಿನ ಒಂದು ಬದಿ ತುಂಬುವುದು ಕಷ್ಟ. ಮಾತಾಡುವ ಕೆಲಸವನ್ನು ಅವನು ನನಗೇ ಬಿಟ್ಟಿದ್ದ. ಅವನ ಕಥೆ ಹೇಳುವ ಕೆಲಸವೂ ಹಾಗೇ ನನ್ನ ತಲೆಗೆ ಬಂತು.

ಆ ಕಾಲದಲ್ಲಿ ನಮ್ಮ ಗಣಿಯೂರು ಖುರಿಬ್ಗಾದ ಗಂಡಸರಿಗೆ ಮಾತಾಡಲು ಎರಡೇ ವಿಷಯ. ಕದ್ದು ದೋಣಿ ಹತ್ತಿ ಇಟಲಿಗೆ ಯಾರು ದಾಟಿದರು ಎಂಬುದು ಒಂದು, ಗಬ್ರಾದ ಯಾವ ಆಲ್ಬಮ್ ಮೇಲು ಎಂಬುದು ಇನ್ನೊಂದು. ಗಬ್ರಾ ಎಂದರೆ ಧೂಳು. ಫಾಸ್ಫೇಟ್ ಗಣಿಯ ಬಿಳಿ ಧೂಳು ಕುಡಿದು ಬೆಳೆದ ಐದು ಹುಡುಗರು ಗಿಟಾರು, ಡ್ರಮ್ಮು ಹಿಡಿದು ರಾಕ್ ತಂಡ ಕಟ್ಟಿದಾಗ ಅವರಿಗೆ ಬೇರೆ ಹೆಸರು ಹೊಳೆಯಲಿಲ್ಲ. ನಾಲ್ಕು ಆಲ್ಬಮ್ ಮಾಡಿ ದಿಕ್ಕಿಗೊಬ್ಬರಾದರು. ಆಲ್ಬಮ್‌ಗಳಿಗೆ ಉದ್ದುದ್ದ ಹೆಸರುಗಳಿದ್ದವು, ಅವು ಯಾರಿಗೆ ಬೇಕು? ಹೊದಿಕೆಯ ಬಣ್ಣ ಹೇಳಿದರೆ ಸಾಕು: ಹಳದಿ, ಹಸಿರು, ಕೆಂಪು, ಕಪ್ಪು.

ಎದುರಿನ ಕಾಫಿ ಅಂಗಡಿಯಲ್ಲಿ ದಿನಾ ಅದೇ ಜಗಳ.

"ಹಳದಿ ಬಿಟ್ರೆ ಗಬ್ರಾ ಇಲ್ಲ ಕಣಯ್ಯಾ. ನನ್ನ ಗಾಡೀಲಿ ಬೆಳಗಿಂದ ಸಂಜೆತನಕ ಅದೇ," ಎನ್ನುತ್ತಿದ್ದ ಟ್ಯಾಕ್ಸಿಯವನು.

"ನಿನ್ನ ಗಾಡೀಲಿ ಹಾರ್ನ್ ಬಿಟ್ಟು ಇನ್ನೇನು ಕೇಳ್ಸುತ್ತೆ? ಹಸಿರು ಕೇಳು, ಹಸಿರು. ಮನುಷ್ಯ ಆಗ್ತೀಯ," ಎನ್ನುತ್ತಿದ್ದರು ಶಾಲೆಯ ಮೇಷ್ಟ್ರು.

ಒಮ್ಮೆ ಜಗಳ ಜೋರಾಗಿ, ಪಂಚಾಯಿತಿಗೆ ಬುಶ್ತಾನನ್ನು ಕರೆದರು. ಅವನು ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ಬಾಯಲ್ಲಿ ಹೇಳೋದು ಬೇಡ," ಎಂದ. "ಮನೇಲಿರೋ ಕ್ಯಾಸೆಟ್ ತಂದು ತೋರ್ಸಿ. ಟೇಪನ್ನ ಒತ್ತಿ ಹಿಡಿಯೋಕೆ ಒಳಗೊಂದು ಬಟ್ಟೆ ಚೂರು ಇರುತ್ತೆ. ಅದು ಸುಳ್ಳು ಹೇಳಲ್ಲ. ಹಳದಿ ನನ್ನ ಹತ್ರ ಒಡೆದು ಬರುತ್ತೆ. ಕಪ್ಪು ಕೇಳಿ ಕೇಳಿ ಸವೆದು ಬರುತ್ತೆ."

ಟ್ಯಾಕ್ಸಿಯವನು ಟೀ ಲೋಟದೊಳಗಿನ ಪುದೀನ ಎಲೆಯನ್ನು ನೋಡುತ್ತ ಕೂತ. ಕಪ್ಪಿನ ಹೆಸರನ್ನು ನಾಲ್ಕು ಜನರ ಮುಂದೆ ಎತ್ತುವ ವಾಡಿಕೆ ನಮ್ಮಲ್ಲಿ ಇರಲಿಲ್ಲ. ಮದುವೆಗೆ ಹಳದಿ, ಹುಡುಗಿಗೆ ಹಸಿರು, ಫುಟ್‌ಬಾಲಿಗೆ ಕೆಂಪು. ಕಪ್ಪನ್ನು ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುತ್ತಿದ್ದರು.

ಅದಕ್ಕೆ ಕಾರಣವಿತ್ತು. ಕಪ್ಪು ಆಲ್ಬಮ್ ಅಂಗಡಿಯಲ್ಲಿ ಇದ್ದದ್ದು ಒಂದೇ ವಾರ. ಆಮೇಲೆ ಮಾಯವಾಯಿತು. ಯಾಕೆಂದು ಯಾರೂ ಕೇಳಲಿಲ್ಲ, ಪೊಲೀಸರ ಭಯದ ಆ ಕಾಲದಲ್ಲಿ ಕೇಳುತ್ತಿರಲಿಲ್ಲ. ಕೊಂಡಿದ್ದ ನಾಲ್ಕೈದು ಜನರಿಂದ ಉಳಿದವರು ನಕಲು ಮಾಡಿಕೊಂಡರು. ಎರಡು ಕ್ಯಾಸೆಟ್ ಒಟ್ಟಿಗೆ ಹಾಕುವ ಯಂತ್ರ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಪಕ್ಕದ ಮನೆಯಿಂದ ಇನ್ನೊಂದು ಟೇಪ್ ರೆಕಾರ್ಡರ್ ತಂದು, ಎರಡನ್ನೂ ನೆಲದ ಮೇಲೆ ಎದುರುಬದುರು ಕೂರಿಸಿ, ಒಂದರಲ್ಲಿ ಹಾಡಿಸಿ ಇನ್ನೊಂದರಲ್ಲಿ ಹಿಡಿಯುವುದು. ಮನೆಯವರಿಗೆಲ್ಲ ಬಾಯಿ ಮುಚ್ಚಿಕೊಂಡಿರಲು ತಾಕೀತು. ಆದರೂ ಕೋಳಿ ಸುಮ್ಮನಿರುತ್ತದೆಯೇ? ಅಜ್ಜ ಕೆಮ್ಮುತ್ತಿದ್ದ, ಪಾತ್ರೆ ಬೀಳುತ್ತಿತ್ತು, ಮಗು ಅಳುತ್ತಿತ್ತು. ಎಲ್ಲವೂ ಹಾಡಿನ ಜೊತೆ ಸೇರಿ ಕ್ಯಾಸೆಟ್ಟಿಗೆ ಹೋಯಿತು. ಹೀಗೆ ನಮ್ಮೂರಿನ ಪ್ರತಿ ಕಪ್ಪು ಕ್ಯಾಸೆಟ್ಟಿನೊಳಗೆ ಒಂದೊಂದು ಮನೆ ಇತ್ತು. ಅಜ್ಜ ಸತ್ತು ಹತ್ತು ವರ್ಷವಾಗಿರುತ್ತಿತ್ತು, ಎರಡನೇ ಹಾಡಿನಲ್ಲಿ ಇನ್ನೂ ಕೆಮ್ಮುತ್ತಿದ್ದ.

ಕಪ್ಪಿನ ಕೊನೆಯ ಹಾಡು ಬೇರೆಯದೇ ಕಥೆ. ಅದರಲ್ಲಿ ಹಾಡುಗಾರ ಮನೆ ಬಿಟ್ಟುಹೋದವನನ್ನು ಎಲ್ಲಿದ್ದೀಯೆಂದು ನಾಲ್ಕು ಸಲ ಕೂಗುತ್ತಾನೆ. ನಾಲ್ಕನೆಯ ಕೂಗಾದ ಮೇಲೆ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಎರಡು ಉಸಿರಿನಷ್ಟು ಹೊತ್ತು ಬರೀ ಖಾಲಿ. ಆಮೇಲೆ ಹಾಡು ಮತ್ತೆ ಶುರುವಾಗುತ್ತದೆ. ಯಾರ ಮನೆಯಿಂದ ಯಾರಾದರೂ ದೋಣಿ ಹತ್ತಿ ಹೋಗಿದ್ದರೋ ಅವರು ಆ ಖಾಲಿಯನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದರು. ಯಾರೋ ಉತ್ತರ ಕೊಡುತ್ತಾರೆ ಎನ್ನುತ್ತಿದ್ದರು.

"ದೆವ್ವವೂ ಇಲ್ಲ, ಪಿಶಾಚಿಯೂ ಇಲ್ಲ. ಟೇಪು ಅಂದ್ರೆ ತುಕ್ಕು," ಎನ್ನುತ್ತಿದ್ದ ಬುಶ್ತಾ. "ಪ್ಲಾಸ್ಟಿಕ್ ಪಟ್ಟಿ ಮೇಲೆ ಕಬ್ಬಿಣದ ತುಕ್ಕು ಬಳ್ದಿರ್ತಾರೆ, ಅಷ್ಟೇ. ನಕಲು ಮಾಡುವಾಗ ಆಡಿದ ಮಾತು ಅದಕ್ಕೆ ಹತ್ತಿಕೊಂಡಿರುತ್ತೆ."

ಈ ಮಾತು ಹೇಳುವಾಗ ಅವನ ಮುಖ ನೋಡಿದವರಿಗೆ ಧೈರ್ಯ ಬರುತ್ತಿತ್ತು. ನನಗೂ ಬರುತ್ತಿತ್ತು.

ಯಾಮ್ನಾ ಅವನ ಅಂಗಡಿಗೆ ಬಂದದ್ದು ಎರಡು ಸಾವಿರದ ಮೂರರ ಬೇಸಿಗೆಯಲ್ಲಿ. ನಮ್ಮ ಬೀದಿಯ ಕೊನೆಯ ಮನೆಯ ವಿಧವೆ, ಎಪ್ಪತ್ತು ದಾಟಿತ್ತು, ಹೃದಯದ ಕಾಯಿಲೆ ಇತ್ತು. ಅವಳ ಮಗ ಹಮ್ಮಾದಿ ಒಂಬತ್ತು ವರ್ಷದ ಹಿಂದೆ ಇನ್ನೈದು ಹುಡುಗರ ಜೊತೆ ದೋಣಿ ಹತ್ತಿದ್ದ. ಆರು ಜನರಲ್ಲಿ ಒಬ್ಬನ ಸುದ್ದಿಯೂ ಬರಲಿಲ್ಲ. ಉಳಿದ ಮನೆಗಳಲ್ಲಿ ಒಂದೊಂದಾಗಿ ಸಾವಿನ ಊಟ ಹಾಕಿ, ಹೆಣವಿಲ್ಲದ ಸಾವಿಗೆ ನಮಾಜು ಮಾಡಿಸಿದರು. ಇಬ್ಬರು ಮಾತ್ರ ಒಪ್ಪಲಿಲ್ಲ: ಯಾಮ್ನಾ, ಮತ್ತೆ ಹಿಂದಿನ ಬೀದಿಯ ಇಜ್ಜಾ. "ಉತ್ತರ ಕೊಡೋ ಮಗನಿಗೆ ಸಾವಿನ ಕುಸ್ಕುಸ್ ಬೇಯಿಸ್ಲಾ?" ಎಂದು ಯಾಮ್ನಾ ಹಿರಿಯರನ್ನೇ ಕೇಳಿದ್ದಳು.

ಅವಳ ಟೇಪ್ ರೆಕಾರ್ಡರ್ ಕಪ್ಪು ಕ್ಯಾಸೆಟ್ಟನ್ನು ತಿಂದುಹಾಕಿತ್ತು. ಟೇಪು ಸುಕ್ಕಾಗಿ ತುಂಡಾಗಿತ್ತು. ಇದರಲ್ಲಿ ಬುಶ್ತಾನ ಪದ್ಧತಿ ಒಂದೇ: ಸುಕ್ಕಾದ ಕಡೆ ಮೂರು ಬೆರಳಗಲ ಕತ್ತರಿಸಿ ಬಿಸಾಕುವುದು, ನುಣುಪಾದ ತುದಿಗಳನ್ನು ಸೇರಿಸಿ ಅಂಟಿಸುವುದು. ಮೂರು ಬೆರಳೆಂದರೆ ಒಂದು ಕ್ಷಣದ ಹಾಡು. ಹಾಡು ಹೋದರೆ ಅಭಿಮಾನಿಗಳು ಅವನ ಜನ್ಮ ಜಾಲಾಡುತ್ತಿದ್ದರು. ಇಲ್ಲಿ ತುಂಡಾದದ್ದು ಕೊನೆಯ ಹಾಡಿನ ಖಾಲಿ ಜಾಗದಲ್ಲಿ. ಪುಣ್ಯ ಅಂದುಕೊಂಡು ಧೈರ್ಯವಾಗಿ ಕತ್ತರಿಸಿದ, ಅಂಟಿಸಿದ, ಹಾಡಿಸಿ ನೋಡಿ ಕೊಟ್ಟ. ಕಸವನ್ನು ಎಂದಿನಂತೆ ಗುಡಿಸಿ ಹೊರಗೆ ಹಾಕಿದ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಯಾಮ್ನಾ ಮತ್ತೆ ಬಂದಳು. ಬಿಸಿಲಿಗೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಬ್ರೆಡ್ಡು, ಆಲಿವ್ ತಿನ್ನುತ್ತ ಬುಶ್ತಾನ ಅಂಗಡಿಯಲ್ಲೇ ಕೂತಿದ್ದೆ. ಅವಳು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು.

"ಅವನು ಸುಮ್ಮನಾಗ್ಬಿಟ್ಟ," ಎಂದಳು.

"ಯಾರು, ಖಾಲ್ತಿ?" ಎಂದ ಬುಶ್ತಾ. ನಾವೆಲ್ಲ ಅವಳನ್ನು ಚಿಕ್ಕಮ್ಮನೆಂದೇ ಕರೆಯುತ್ತಿದ್ದುದು.

"ಹಮ್ಮಾದಿ. ನಾಲ್ಕನೇ ಕೂಗಾದ್ಮೇಲೆ 'ಇಗೋ ಬಂದೆ, ಯಮ್ಮಾ' ಅಂತಿದ್ದ. ಒಂಬತ್ತು ವರ್ಷ ಒಂದು ದಿನಾನೂ ತಪ್ಪಿಸಿಲ್ಲ. ಮೊದಮೊದಲು ಬಾವಿಯೊಳಗಿಂದ ಮಾತಾಡ್ದಂಗೆ ಇತ್ತು. ಆಮೇಲೆ ಬೀದಿ ತುದಿಗೆ ಬಂದ. ಹೋದ ರಂಜಾನಿಗೆ ಹೊಸಿಲ ಹತ್ರ ಬಂದಿದ್ದ ಕಣಪ್ಪ. ಇನ್ನೊಂದು ಹೆಜ್ಜೆ ಇತ್ತು."

ಬುಶ್ತಾ ಸ್ಕ್ರೂಡ್ರೈವರ್ ಕೆಳಗಿಟ್ಟ. ಕ್ಯಾಸೆಟ್ಟನ್ನು ತಿರುಗಿಸುತ್ತ ಕೇಳಿದ, "ಈ ನಕಲು ಮಾಡಿದ್ದು ಹಮ್ಮಾದೀನೇ?"

"ಹೂಂ. ಹೋಗೋಕೆ ಒಂದು ವಾರ ಮುಂಚೆ."

"ಹಾಗಾದ್ರೆ ನೀವು ಅಡುಗೆಮನೆಯಿಂದ ಕರ್ದಿರ್ತೀರಿ, ಖಾಲ್ತಿ. ಅವನು ಓಗೊಟ್ಟಿರ್ತಾನೆ. ಅದು ಟೇಪಿಗೆ ಹತ್ತಿದೆ. ಹತ್ರ ಬಂದಂಗೆ ಕೇಳೋದೂ ಅದಕ್ಕೇ. ಟೇಪು ಸವೆದಂಗೆ ತೆಳು ಸದ್ದು ಮೊದಲು ಉದುರುತ್ತೆ, ತಂತಿ, ತಾಳ ಎಲ್ಲ. ಮನುಷ್ಯನ ಗಂಟಲು ಗಟ್ಟಿ, ಅದು ಉಳ್ಕೊಂಡು ಮುಂದೆ ಬರುತ್ತೆ."

ಯಾಮ್ನಾ ಅವನನ್ನು ಕನಿಕರದಿಂದ ನೋಡಿದಳು. "ಆ ದಿನ ನಾನು ಮನೇಲೇ ಇರ್ಲಿಲ್ಲಪ್ಪ. ತಂಗಿ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋಗಿದ್ದೆ. ಮನೇಲಿ ಅವನೊಬ್ಬನೇ ಇದ್ದದ್ದು."

ಯಾರೂ ಕರೆಯದೆ ಹುಡುಗ ಯಾರಿಗೆ ಓಗೊಟ್ಟ? ಬುಶ್ತಾ ಇದಕ್ಕೆ ತುಕ್ಕಿನ ಕಥೆ ಹೇಳುತ್ತಾನೆಂದು ಕಾದೆ.

ಅವಳು ಹೋದ ಮೇಲೆ ಅವನು ಅಂಗಡಿಯ ಹೊರಗೆ ಮಂಡಿಯೂರಿ ಕೂತು ಚರಂಡಿಯ ಪಕ್ಕದ ಧೂಳನ್ನು ಬೆರಳಿನಿಂದ ಕೆದಕಿದ. ಮೂರು ಬೆರಳಗಲದ ಕಂದು ಪಟ್ಟಿ. ಗಾಳಿ ಅದನ್ನು ಎಲ್ಲಿಗೆ ಒಯ್ದಿತ್ತೋ. ಐವತ್ತರ ಮನುಷ್ಯ ಹಾಗೆ ಬಿಸಿಲಲ್ಲಿ ನೆಲ ಕೆರೆಯುವುದನ್ನು ನೋಡಲಾಗದೆ ನಾನು ಬೈದೆ.

"ಏಳೋ ಮಾರಾಯ! ಜನ ನೋಡಿದ್ರೆ ಏನಂತಾರೆ?"

"ಅಲ್ಲಾಲ್," ಎಂದು ನನ್ನ ಹೆಸರು ಹಿಡಿದು ಹೇಳಿದ, "ಅವಳ ಹತ್ರ ಅವನದು ಅಷ್ಟೇ ಇತ್ತು. ನಾನು ಖಾಲಿ ಅಂದ್ಕೊಂಡು ಕತ್ತರಿಸ್ದೆ."

ಸಂಜೆಯ ಹೊತ್ತಿಗೆ ಅವನಿಗೆ ಒಂದು ದಾರಿ ಹೊಳೆಯಿತು. ಹಮ್ಮಾದಿ ತನ್ನ ನಕಲನ್ನು ಗೆಳೆಯರಿಗೆ ಕೊಟ್ಟಿದ್ದ, ಅವರು ಅದರಿಂದ ತಮ್ಮದನ್ನು ಮಾಡಿಕೊಂಡಿದ್ದರು. ಹಾಗಾದರೆ ಅವನ ದನಿ ಅಲ್ಲೂ ಇರಬೇಕು. ಅವನ ಜೊತೆಯಲ್ಲೇ ದೋಣಿ ಹತ್ತಿದ ಸಲಾಹನ ಮನೆಯಲ್ಲಿ ಅಂಥದೊಂದು ಕ್ಯಾಸೆಟ್ ಇತ್ತು. ಸಲಾಹ್ ಎಂದರೆ ಇಜ್ಜಾಳ ಮಗ. ಗಂಡಿಲ್ಲದ ಮನೆಗೆ ಒಬ್ಬನೇ ಹೋಗುವುದು ಸರಿಯಲ್ಲವೆಂದು ನನ್ನನ್ನೂ ಎಳೆದುಕೊಂಡು, ಬರಿಗೈಯಲ್ಲಿ ಹೋಗಬಾರದೆಂದು ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚೊಂದನ್ನು ಕಂಕುಳಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಹೊರಟ.

ಇಜ್ಜಾ ಟೀ ಕೊಟ್ಟಳು. ಕಪ್ಪು ಕ್ಯಾಸೆಟ್ ಕೇಳಬೇಕೆಂದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ದಿಂಬಿನ ಕೆಳಗಿಂದಲೇ ತೆಗೆದಳು. ನಾಲ್ಕು ಕೂಗಾಯಿತು. ಖಾಲಿ ಬಂತು. ಅದರೊಳಗಿಂದ, ಎಳೆಯ ಗಂಡುದನಿ, ನಿದ್ದೆಯಿಂದ ಎದ್ದವನಂತೆ:

"ಇಗೋ ಬಂದೆ, ಯಮ್ಮಾ."

"ಕೇಳಿಸ್ತಾ?" ಎಂದಳು ಇಜ್ಜಾ, ಮುಖವೆಲ್ಲ ಬೆಳಕಾಗಿ. "ನನ್ನ ಸಲಾಹ್. ಹುಟ್ಟಿದಾಗಿಂದ ಸ್ವಲ್ಪ ಗೊಗ್ಗರು. ಅಲ್ಲಾಲ್, ನೀನೇ ಅಲ್ವಾ ಅವನ ಮೊದಲ ಕೂದಲು ತೆಗ್ದಿದ್ದು? ಗುರುತು ಸಿಕ್ಕಿರ್ಬೇಕು."

ಇಬ್ಬರ ತಲೆಯನ್ನೂ ನಾನೇ ಬೋಳಿಸಿದವನು. ಇಬ್ಬರೂ ನನ್ನ ಕುರ್ಚಿಯಲ್ಲಿ ಕೂತು ಅತ್ತವರು. ಆ ದನಿ ಹಮ್ಮಾದಿಯದೆಂದು ಬುದ್ಧಿ ಹೇಳುತ್ತಿತ್ತು. ಕಿವಿಗೆ ಅದು ಸಲಾಹನದಾಗಿಯೇ ಕೇಳಿತು. ನನಗೆ ಭಯವಾಯಿತು. ಬುಶ್ತಾನ ಮುಖ ನೋಡಿದೆ. ಅವನು ಸಕ್ಕರೆ ಅಚ್ಚಿನ ಕಾಗದವನ್ನು ಸರಿ ಮಾಡುತ್ತಿದ್ದ.

"ಹೂಂ," ಎಂದ. "ಸಲಾಹನೇ. ಒಂದು ನಕಲು ಮಾಡ್ಕೊಂಡು ಕೊಡ್ಲಾ?"

"ಇಳಿಹೊತ್ತಿನ ಮೂರನೇ ನಮಾಜಿನೊಳಗೆ ವಾಪಸ್ ತಂದ್ಬಿಡು. ಅವನು ರಾತ್ರಿ ಹೊರಗೆ ಉಳೀಬಾರ್ದು," ಎಂದಳು ಇಜ್ಜಾ.

ಬೀದಿಗೆ ಬಂದ ಮೇಲೆ ನಾನು ಕೇಳಿದೆ, "ನಿಜ ಹೇಳ್ಬೇಕಿತ್ತಲ್ವೇನೋ?"

"ಮೊನ್ನೆ ಒಬ್ಬನ್ನ ಕೊಂದಿದೀನಿ," ಎಂದ ಬುಶ್ತಾ. "ಇವತ್ತು ಇನ್ನೊಬ್ಬನ್ನ ಕೊಲ್ಲು ಅಂತೀಯ?"

ನಕಲು ಮಾಡಿ, ಇಜ್ಜಾಳದನ್ನು ಅವಳಿಗೆ ಮುಟ್ಟಿಸಿ, ಹೊಸದನ್ನು ಯಾಮ್ನಾಳಿಗೆ ಒಯ್ದ. ಅವಳು ಹಾಸಿಗೆ ಹಿಡಿದಿದ್ದಳು, ಒಂದೇ ದಿನದಲ್ಲಿ ಗಲ್ಲ ಒಳಗೆ ಹೋಗಿತ್ತು. ಕಣ್ಣು ಮುಚ್ಚಿ ಕೇಳಿದಳು. ಖಾಲಿಯಲ್ಲಿ ದನಿ ಬಂತು. ಆದರೆ ನಕಲಿನ ನಕಲಿನ ನಕಲು, ನೀರಿನಾಚೆ ಯಾರೋ ಅಂದ ಹಾಗಿತ್ತು.

"ಇವನೇ," ಎಂದಳು ಯಾಮ್ನಾ. "ಆದ್ರೆ ತುಂಬ ದೂರ ಹೋಗ್ಬಿಟ್ಟಿದಾನೆ. ಎಲ್ಲಿ ಸಿಕ್ಕಿದ?"

"ಇಜ್ಜಾ ಅವರ ಮನೇಲಿ."

ಯಾಮ್ನಾ ಕಣ್ಣು ತೆರೆದಳು. "ಅವಳು ಇವನನ್ನ ಸಲಾಹ್ ಅಂದ್ಕೊಂಡಿದಾಳಾ?"

"ಹೂಂ. ನಾನು ಏನೂ ಹೇಳಿಲ್ಲ."

"ಹೇಳ್ಬೇಡ," ಎಂದಳು. ಆಮೇಲೆ ಕೇಳಿದಳು, "ಮತ್ತೆ ಬಾಗಿಲ ತನಕ ಬರೋಕೆ ಎಷ್ಟು ವರ್ಷ ಹಿಡಿಯುತ್ತೆ, ಬುಶ್ತಾ?"

"ನೀವು ದಿನಾ ಒಂದೆರಡು ಸಲ ಕೇಳಿದ್ರೆ… ಏಳೆಂಟು."

"ನನ್ನ ಹತ್ರ ಅಷ್ಟಿಲ್ಲವಲ್ಲಪ್ಪ."

ಇದನ್ನು ಅವಳು ದೂರುವಂತೆ ಹೇಳಲಿಲ್ಲ. ಬೈದಿದ್ದರೆ ಬುಶ್ತಾ ತಡೆದುಕೊಳ್ಳುತ್ತಿದ್ದನೇನೋ. ಅವನು ಕೈ ಚಾಚಿ ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ ತೆಗೆದುಕೊಂಡ.

"ಕೊಡಿ. ನಾನು ನಡೆಸ್ಕೊಂಡು ಬರ್ತೀನಿ."

ಮರುದಿನದಿಂದ ನನ್ನ ಗೋಡೆಗೆ ಜ್ವರ ಬಂತು. ಬೆಳಿಗ್ಗೆ ಬಾಗಿಲು ತೆಗೆದದ್ದೇ ಬುಶ್ತಾ ಆ ಹಾಡಿನ ಆ ತುಣುಕನ್ನು ಹಾಕುತ್ತಿದ್ದ. ನಾಲ್ಕು ಕೂಗು, ಖಾಲಿ, ಉತ್ತರ. ಹಿಂದಕ್ಕೆ ತಿರುಗಿಸು. ನಾಲ್ಕು ಕೂಗು, ಖಾಲಿ, ಉತ್ತರ. ಕ್ಯಾಸೆಟ್ಟಿನ ಒಳಗೆ ಬಟ್ಟೆ ಚೂರಿನ ಬದಲು ಒರಟು ಕಂಬಳಿಯ ಚೂರು ಹಾಕಿದ್ದ, ಬೇಗ ಸವೆಯಲೆಂದು. ಹತ್ತಿರ ಬಂದ ಗಿರಾಕಿಗಳನ್ನು "ನಾಳೆ ಬಾ" ಎಂದು ಅಟ್ಟುತ್ತಿದ್ದ. ಸೂರ್ಯ ಮುಳುಗುವ ತನಕ ಇದೇ. ನಾನು ಸಿಟ್ಟಿನಿಂದ ಗೋಡೆ ಗುದ್ದಿದೆ, ಬೈದೆ, ಒಂದು ದಿನ ಫ್ಯೂಸ್ ಕೂಡ ಕಿತ್ತೆ. ಅವನು ಸುಮ್ಮನೆ ಬ್ಯಾಟರಿ ಹಾಕಿಕೊಂಡ.

ಹತ್ತು ದಿನವಾದ ಮೇಲೆ ಸಮಾಧಾನದಿಂದಲೇ ವಿಚಾರಿಸಿದೆ.

"ಎಲ್ಲಿಗೆ ಬಂತೋ ನಿನ್ನ ಕೆಲಸ?"

"ರೈಲ್ವೆ ಸ್ಟೇಷನ್ ದಾಟಿದಾನೆ," ಎಂದ.

"ಯಾರು?"

"ಹುಡುಗ."

"ತುಕ್ಕು ಅಂತಿದ್ದೆಯಲ್ಲೋ!"

"ತುಕ್ಕೇ. ತುಕ್ಕು ಉದುರ್ತಾ ಇದೆ, ಅವನು ನಡೀತಾ ಇದಾನೆ. ಎರಡೂ ಒಂದೇ ಕೆಲಸ," ಎಂದು ಮತ್ತೆ ಗುಂಡಿ ಒತ್ತಿದ.

ಮೂರನೇ ವಾರದಲ್ಲಿ ಹುಡುಗ ಸಂತೆ ಮೈದಾನದ ಹತ್ತಿರ ಇದ್ದ. ನನ್ನ ಕುರ್ಚಿಯಲ್ಲಿ ಕೂತವರು ಬೀದಿಗೆ ಬೆನ್ನು ಹಾಕಲು ಒಲ್ಲೆ ಎನ್ನತೊಡಗಿದರು. ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದೆ. ಕಾಫಿ ಅಂಗಡಿಯಲ್ಲಿ ಹಳದಿ, ಹಸಿರಿನ ಜಗಳ ನಿಂತುಹೋಯಿತು. ಟ್ಯಾಕ್ಸಿಯವನೊಬ್ಬ ಮಾತ್ರ ದಿನಾ ಬೆಳಿಗ್ಗೆ ಬಂದು, ತಲೆ ಒಳಗೆ ಹಾಕಿ, ಮೆಲ್ಲಗೆ ಕೇಳಿ ಹೋಗುತ್ತಿದ್ದ: "ಎಲ್ಲಿದಾನೆ?" ಹಾಡು ಆ ಹೊತ್ತಿಗೆ ಕರಗಿಹೋಗಿತ್ತು. ಗಿಟಾರು ಗಾಳಿಯಂತಿತ್ತು, ಹಾಡುಗಾರ ಗೊಣಗುವವನಂತಿದ್ದ. ಆ ಒಂದು ಮಾತು ಮಾತ್ರ ದಿನದಿಂದ ದಿನಕ್ಕೆ ದಪ್ಪವಾಯಿತು. ಕೊನೆಕೊನೆಗೆ ಅದು ಗೋಡೆಯಿಂದ ಬರುತ್ತಿದೆಯೋ, ಬೀದಿಯಿಂದಲೋ ನನಗೆ ಹೇಳಲಾಗುತ್ತಿರಲಿಲ್ಲ.

ಮೂವತ್ತೆಂಟನೆಯ ದಿನ, ಗುರುವಾರ, ನಡುಮಧ್ಯಾಹ್ನದ ಬಿಸಿಲು. ಗೋಡೆ ಸುಮ್ಮನಾಯಿತು. ಬುಶ್ತಾ ನನ್ನ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಬೆರಳ ತುದಿಗಳು ತುಕ್ಕಿನಿಂದ ಕೆಂಪಾಗಿದ್ದವು.

"ಬಾ ಅಲ್ಲಾಲ್," ಎಂದ. "ಬೀದಿ ಕೊನೆಗೆ ಬಂದಿದಾನೆ. ಇನ್ನು ಒಂದು ಸಲ ಹಾಕಿದ್ರೆ ಆಯ್ತು. ಅದನ್ನ ಅವಳೇ ಕೇಳ್ಬೇಕು."

ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಹೊರಟೆ. ಯಾಮ್ನಾಳ ಮನೆಯ ಬಾಗಿಲು ಬಿಸಿಲು ಒಳಗೆ ಬಾರದಂತೆ ಮುಚ್ಚಿತ್ತು. ಒಳಗೆ ಅವಳು ಗೋಡೆಗೆ ಒರಗಿ ಕೂತಿದ್ದಳು, ಮೇಲುಸಿರು ಬಿಡುತ್ತಿದ್ದಳು. ಪಕ್ಕದಲ್ಲಿ ಇಜ್ಜಾ ಒದ್ದೆ ಬಟ್ಟೆಯಿಂದ ಅವಳ ಕೈ ಒರೆಸುತ್ತಿದ್ದಳು. ಕಾಯಿಲೆ ಜಾಸ್ತಿಯಾದಾಗಿನಿಂದ ದಿನಾ ಬರುತ್ತಿದ್ದಳಂತೆ, ನಮಗೆ ಗೊತ್ತಿರಲಿಲ್ಲ. ಅವಳನ್ನು ಕಂಡು ಬುಶ್ತಾ ಹೊಸಿಲಲ್ಲೇ ನಿಂತುಬಿಟ್ಟ. ಇವಳ ಮುಂದೆ ಹೇಗೆ ಹಾಕುವುದು? ಅವನು ಕ್ಯಾಸೆಟ್ಟನ್ನು ಜೇಬಿಗೆ ಹಿಂದಿರುಗಿಸಲು ಹೋದ.

"ಹಾಕು," ಎಂದಳು ಯಾಮ್ನಾ. "ಅವಳೂ ಕೇಳ್ಲಿ."

ನಾನು ಹಿಂದಿನಿಂದ ಬಾಗಿಲು ಮುಚ್ಚಿ ಅದಕ್ಕೆ ಒರಗಿ ನಿಂತೆ. ಬುಶ್ತಾ ಗುಂಡಿ ಒತ್ತಿದ. ಹಾಡೆನ್ನುವಂಥದ್ದೇನೂ ಉಳಿದಿರಲಿಲ್ಲ, ಮರಳು ಸುರಿದಂಥ ಸದ್ದು ಅಷ್ಟೇ. ಕೂಗುಗಳು ಎಣಿಸಲಿಕ್ಕೂ ಸಿಗಲಿಲ್ಲ. ಮರಳು ನಿಂತಿತು.

"ಇಗೋ ಬಂದೆ, ಯಮ್ಮಾ."

ಬುಶ್ತಾ ಯಂತ್ರದ ಮೇಲೆ ಬಾಗಿದ್ದವನು ತಲೆಯೆತ್ತಿ ನನ್ನ ಕಡೆ ನೋಡಿದ. ನನ್ನನ್ನಲ್ಲ, ದನಿ ಬಂದ ನನ್ನ ಹಿಂದಿನ ಬಾಗಿಲನ್ನು. ಇಜ್ಜಾ ಆಗಲೇ ಎದ್ದಿದ್ದಳು. ಬಟ್ಟೆ ಕೈಯಲ್ಲೇ ಇತ್ತು. ಬಂದು, ನನ್ನ ತೋಳಿನ ಕೆಳಗಿಂದ ಕೈ ಹಾಕಿ ಚಿಲಕ ತೆಗೆದಳು. ಬಾಗಿಲು ನನ್ನನ್ನು ತಳ್ಳಿಕೊಂಡು ಒಳಕ್ಕೆ ಬಂತು. ಹೊರಗೆ ಬಿಳಿ ಬಿಸಿಲು, ಬಿಳಿ ಧೂಳು.

"ಇಬ್ಬರೂ ಬಂದ್ರಾ?" ಎಂದಳು ಯಾಮ್ನಾ ಗೋಡೆಯ ಕಡೆಯಿಂದ.

ಇಜ್ಜಾ ಬಹಳ ಹೊತ್ತು ಹೊರಗೆ ನೋಡಿದಳು.

"ಹೂಂ ಅಕ್ಕಾ," ಎಂದಳು. "ಇಬ್ಬರೂ."

ಸುಳ್ಳೇಕೆ ಹೇಳಲಿ, ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.